ಪ್ರವಾಸದ ಮೊದಲ ದಿನವನ್ನು ಶಾಲೆಯ ಗೇಟಿನಿಂದ ಎಣಿಸಿ: ಆಡಳಿತ ಮಂಡಳಿಗಳಿಗೂ ಪೋಷಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಶಾಲೆ ಶುರುವಾಗಿ ನಾಲ್ಕು ವಾರ ಆಗಿರುವುದಿಲ್ಲ, ಟೂರ್ ಏಜೆನ್ಸಿಗಳ ಬಣ್ಣಬಣ್ಣದ ಪಾಂಪ್ಲೆಟ್‌ಗಳು ನಿಮ್ಮ ಮೇಜಿನ ಮೇಲೆ ಬಂದು ಬೀಳುತ್ತವೆ. ಸಿಂಗಾಪುರ, ದುಬೈ, ಮಲೇಷ್ಯಾ. ದೊಡ್ಡ ಶಾಲೆಯಾದರೆ ಅಮೆರಿಕದ ನಾಸಾ ಕೇಂದ್ರ. ಒಳಗೆ ನೋಡುವ ಜಾಗಗಳ ಫೋಟೋ, ಹೊರಗೆ ದಪ್ಪ ಅಕ್ಷರದಲ್ಲಿ ಎಷ್ಟು ನೈಟ್, ಎಷ್ಟು ಡೇ ಎಂಬ ಲೆಕ್ಕ. ನಾನು ದಾವಣಗೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ಜೊತೆ ಸಿಂಗಾಪುರಕ್ಕೆ ಹೋಗಿ ಬಂದಿದ್ದೇನೆ. ಆ ಪ್ರವಾಸದ ಮೊದಲ ದಿನದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ. ಉಳಿದ ದಿನಗಳ ಬಗ್ಗೆ ತಕರಾರಿಲ್ಲ, ಚೆನ್ನಾಗಿಯೇ ಇದ್ದವು.

ಏಜೆನ್ಸಿಯವರು ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ ಮೊದಲ ದಿನ ಶುರುವಾಗುವುದು ದೇವನಹಳ್ಳಿಯಲ್ಲಿ. "ರಾತ್ರಿ 8ಕ್ಕೆ ಟರ್ಮಿನಲ್ 2ರ ಮುಂದೆ ಸೇರುವುದು" ಎಂಬುದೇ ಮೊದಲ ಸಾಲು. ಬೆಂಗಳೂರಿನ ಮಕ್ಕಳಿಗೆ ಅದು ಸರಿ. ಮನೆಯಲ್ಲಿ ಮಧ್ಯಾಹ್ನ ಒಂದು ನಿದ್ದೆ ತೆಗೆದು, ಊಟ ಮಾಡಿ, ಅಪ್ಪನ ಕಾರಿನಲ್ಲಿ ಬಂದು ಇಳಿಯುತ್ತಾರೆ. ನಮ್ಮ ಮಕ್ಕಳ ದಿನ ಶುರುವಾದದ್ದು ಬೆಳಿಗ್ಗೆ 11ಕ್ಕೆ, ಶಾಲೆಯ ಗೇಟಿನಲ್ಲಿ. ಅವರು ಎದ್ದದ್ದು ಇನ್ನೂ ಬೇಗ. ಖುಷಿಗೆ ಹಿಂದಿನ ರಾತ್ರಿ ಸರಿಯಾಗಿ ಮಲಗಿರಲೂ ಇಲ್ಲ. ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯ ಶಾಲೆಗಳಾದರೆ ಕೇಳುವುದೇ ಬೇಡ. ಅವರ ಮೊದಲ ದಿನ ಪಟ್ಟಿಯ ಹಿಂದಿನ ದಿನವೇ ಶುರುವಾಗಿರುತ್ತದೆ.

ಹೋಟೆಲ್ ರೂಮಿನ ಕೀ ನಮ್ಮ ಕೈಗೆ ಬಂದದ್ದು ಮಾರನೇ ದಿನ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ 3:30ಕ್ಕೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ನಮ್ಮ ಲೆಕ್ಕದಲ್ಲಿ ಮಧ್ಯಾಹ್ನ 1 ಗಂಟೆ. ಗೇಟಿನಿಂದ ಹಾಸಿಗೆವರೆಗೆ 26 ಗಂಟೆ. ಪಟ್ಟಿಯಲ್ಲಿ ಈ ಸಂಖ್ಯೆ ಎಲ್ಲೂ ಇರಲಿಲ್ಲ. ಪೋಷಕರ ಸಭೆಯಲ್ಲೂ ಬರಲಿಲ್ಲ. ಬಂದಿದ್ದರೆ ಯಾರಾದರೂ ಒಬ್ಬ ತಾಯಿ ಎದ್ದು ನಿಂತು ಕೇಳುತ್ತಿದ್ದಳು ಅನ್ನುವುದು ನನಗೆ ಗೊತ್ತು.

ಆ 26 ಗಂಟೆ ಹೇಗಿತ್ತು ಅಂತ ಹೇಳುತ್ತೇನೆ. ಏಕೆಂದರೆ ಅದರಲ್ಲಿ ಅರ್ಧ ನಿಜಕ್ಕೂ ಚೆಂದ ಇತ್ತು. ಚೆಂದದ್ದನ್ನು ಕೆಡಿಸಿದ್ದು ಉಳಿದರ್ಧ.

ಬಸ್ಸಿನ ಪ್ರಯಾಣದಲ್ಲಿ ದೂರುವಂಥದ್ದು ಏನಿಲ್ಲ. ಚಿತ್ರದುರ್ಗ ದಾಟುವಾಗ ಗುಡ್ಡಗಳ ಮೇಲಿನ ಗಾಳಿಯಂತ್ರ ಎಣಿಸುವ ಸ್ಪರ್ಧೆ ನಡೆಯಿತು. ಹಿರಿಯೂರು ದಾಟಿದ ಮೇಲೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ, ಮತ್ತೆ ಮಂಡಕ್ಕಿ ಇಲ್ಲದೆ ದಾವಣಗೆರೆಯವರು ಎಲ್ಲಿಗಾದರೂ ಹೊರಡುತ್ತಾರಾ? ಡಾಬಸ್‌ಪೇಟೆಯಿಂದ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೊಸ ರಿಂಗ್ ರಸ್ತೆ ಇದೆಯಲ್ಲ, ಅದು ಬಂದ ಮೇಲೆ ಗೊರಗುಂಟೆಪಾಳ್ಯ, ಹೆಬ್ಬಾಳದ ಕಾಟ ತಪ್ಪಿದೆ. ಆದರೂ ಟ್ರಾಫಿಕ್ಕಿನ ಭಯಕ್ಕೆ ಬೇಗ ಹೊರಟಿದ್ದೆವು, ಬೇಗ ಮುಟ್ಟಿದೆವು. ಸಂಜೆ 5:30. ಕೌಂಟರ್ ತೆರೆಯುವುದು 8ರ ಸುಮಾರಿಗೆ. ವಿಮಾನ ರಾತ್ರಿ 11ಕ್ಕೆ.

ಅಲ್ಲಿಂದ ಕಾಯುವ ಕೆಲಸ. ಟರ್ಮಿನಲ್ 2 ನೋಡಲು ಚೆನ್ನಾಗಿದೆ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಂದಲೇ. ಮೇಲೆಲ್ಲ ಬಿದಿರು, ಅಲ್ಲಲ್ಲಿ ತೂಗುಬಿಟ್ಟ ಗಿಡಗಳು. ಮಕ್ಕಳು ಅರ್ಧ ಗಂಟೆ ಬಾಯಿ ಬಿಟ್ಟು ನೋಡಿದರು. ಆಮೇಲೆ ಟ್ರಾಲಿಗೆ ಒರಗಿ ನೆಲದ ಮೇಲೆ ಕೂತರು. ಭದ್ರತಾ ತಪಾಸಣೆಯಲ್ಲಿ ಒಬ್ಬ ಹುಡುಗನ ಅಜ್ಜಿ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿ ಹೋಯಿತು. 100 ಎಂಎಲ್‌ಗಿಂತ ದೊಡ್ಡ ಡಬ್ಬಿಯಲ್ಲಿ ರಸವಿರುವ ಯಾವುದನ್ನೂ ಕೈಚೀಲದಲ್ಲಿ ಒಯ್ಯುವಂತಿಲ್ಲ ಎಂಬುದು ಅಜ್ಜಿಗೆ ಹೇಗೆ ಗೊತ್ತಿರಬೇಕು? ಅವನಿಗೆ ಬಾಟಲಿ ಹೋದದ್ದಕ್ಕಿಂತ ಅಜ್ಜಿಗೆ ಏನು ಹೇಳುವುದು ಎಂಬ ಚಿಂತೆ ಜಾಸ್ತಿ ಇತ್ತು.

ವಿಮಾನ ಏರಿದ ಮೇಲಿನ ಮೊದಲ ಗಂಟೆಯನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಹಳಷ್ಟು ಮಕ್ಕಳಿಗೆ ಅದು ಮೊದಲ ವಿಮಾನ. ನೆಲ ಬಿಟ್ಟಾಗ ಹಿಂದಿನ ಸಾಲಿನಲ್ಲಿ ಒಟ್ಟಿಗೇ ಒಂದು "ಓ" ಬಂತು. ಕಿವಿ ಮುಚ್ಚಿಕೊಂಡಾಗ ಉಗುಳು ನುಂಗಿ ಅಂತ ಹೇಳಿಕೊಟ್ಟೆ, ಗಾಳಿಯ ಒತ್ತಡದ ಪಾಠ ಅಲ್ಲೇ ಮುಗಿಯಿತು. ಮುಂದಿನ ಸೀಟಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡು ನಮ್ಮ ಪುಟ್ಟ ವಿಮಾನದ ಗುರುತು ತಮಿಳುನಾಡಿನ ಕರಾವಳಿ ದಾಟಿ ಬಂಗಾಳ ಕೊಲ್ಲಿಗೆ ಇಳಿಯುವುದನ್ನು ನೋಡಿದರು. "ಮಿಸ್, ಕೆಳಗೆ ಈಗ ಬರೀ ನೀರಾ?" ಅಂತ ಒಬ್ಬಳು ಮೆಲ್ಲಗೆ ಕೇಳಿದಳು. ನಕ್ಷೆಯ ಪುಸ್ತಕದಲ್ಲಿ ಎಷ್ಟು ಸಲ ತೋರಿಸಿದ್ದೇನೋ ಆ ಕೊಲ್ಲಿಯನ್ನು.

ಈಗ ಸ್ವಲ್ಪ ಲೆಕ್ಕ ಮಾಡಿ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. ಏರಿದ ಮೇಲೆ ಊಟ ಹಂಚಿ, ತಟ್ಟೆ ಎತ್ತಿ, ದೀಪ ಆರಿಸುವ ಹೊತ್ತಿಗೆ ರಾತ್ರಿ 1 ಗಂಟೆ. ಇಳಿಯುವ ಮುಂಚೆ ಮತ್ತೆ ದೀಪ ಹಾಕಿದಾಗ ಅಲ್ಲಿ ಬೆಳಗಿನ 5, ನಮ್ಮ ಮೈಗೆ ರಾತ್ರಿ 2:30. ಪಟ್ಟಿಯಲ್ಲಿ ಇದಕ್ಕೆ "ವಿಮಾನದಲ್ಲಿ ರಾತ್ರಿ ವಿಶ್ರಾಂತಿ" ಅಂತ ಬರೆದಿತ್ತು. ಒಂದೂವರೆ ಗಂಟೆ, ಅದೂ ಕೂತಲ್ಲೇ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. ಅಕಾಡೆಮಿ ಯಾಕೆ, ಯಾವ ಅಮ್ಮನನ್ನು ಕೇಳಿದರೂ ಹೇಳುತ್ತಾಳೆ. ವಿಮಾನದೊಳಗಿನ ಚಳಿ ಬೇರೆ. ಸ್ವೆಟರ್ ಎಲ್ಲರ ಹತ್ತಿರವೂ ಇತ್ತು, ವಿಮಾನದ ಹೊಟ್ಟೆಯೊಳಗಿನ ಲಗೇಜಿನಲ್ಲಿ. ಕೈಚೀಲದಲ್ಲಿ ಏನಿಟ್ಟುಕೊಳ್ಳಬೇಕು ಎಂದು ಯಾರೂ ಹೇಳಿರಲಿಲ್ಲ.

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ 6, ಹೊರಗೆ ಇನ್ನೂ ಕತ್ತಲೆ. ಅಲ್ಲಿ ಸೂರ್ಯ ಏಳುವುದೇ 7ರ ಸುಮಾರಿಗೆ. ಆ ಊರು ಇರುವ ರೇಖಾಂಶಕ್ಕೆ ಸರಿಯಾದ ಸಮಯ ಅವರ ಗಡಿಯಾರದಲ್ಲಿ ಇಲ್ಲ. 1982ರಲ್ಲಿ ಅರ್ಧ ಗಂಟೆ ಮುಂದಕ್ಕೆ ಹಾಕಿಕೊಂಡು ಹಾಗೇ ಉಳಿಸಿಕೊಂಡಿದ್ದಾರೆ. ವಿಜ್ಞಾನದ ಮಿಸ್ ಆಗಿ ಇದನ್ನು ಹೇಳಬೇಕು ಅಂತ ಸಿದ್ಧವಾಗಿ ಹೋಗಿದ್ದೆ. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇಮಿಗ್ರೇಷನ್ ಗೇಟಿನಲ್ಲಿ ಇಬ್ಬರ ಬೆರಳಚ್ಚು ಹೊಂದಲಿಲ್ಲ, ಪಕ್ಕದ ಕೌಂಟರಿಗೆ ಕಳಿಸಿದರು, ಅವರು ಬರುವವರೆಗೆ ಉಳಿದವರು ನಿಂತರು. ಇನ್ನೊಂದು ಸಣ್ಣ ನಿರಾಸೆ: ಪಾಸ್‌ಪೋರ್ಟಿನಲ್ಲಿ ಮುದ್ರೆ ಬೀಳಲಿಲ್ಲ. ಸಿಂಗಾಪುರ 2020ರ ಡಿಸೆಂಬರ್‌ನಿಂದ ಮುದ್ರೆ ಒತ್ತುವುದನ್ನು ಬಿಟ್ಟಿದೆ, ಇಮೇಲಿನಲ್ಲಿ ಒಂದು ಪತ್ರ ಬರುತ್ತದೆ ಅಷ್ಟೆ. ಊರಲ್ಲಿ ತೋರಿಸಲು ಮುದ್ರೆ ಬೇಕಿತ್ತು ಮಕ್ಕಳಿಗೆ.

ಇಲ್ಲಿಯವರೆಗೆ ಆದದ್ದನ್ನೆಲ್ಲ ನಾನು ಪ್ರಯಾಣ ಅನ್ನುತ್ತೇನೆ. ದಣಿವಾಯಿತು, ಆಗಲಿ. ಪ್ರಯಾಣ ಅಂದರೆ ದಣಿವು ಇದ್ದದ್ದೇ. ಬೆಳಿಗ್ಗೆ 8ಕ್ಕೆ ಸ್ನಾನ ಮಾಡಿಸಿ, ಒಂದು ಲೋಟ ಹಾಲು ಕೊಟ್ಟು ಮಲಗಿಸಿದ್ದರೆ ಈ ಪತ್ರದ ಅಗತ್ಯವೇ ಇರಲಿಲ್ಲ.

ಆದರೆ ಹೋಟೆಲಿನಲ್ಲಿ ರೂಮ್ ಸಿಗುವುದು ಮಧ್ಯಾಹ್ನ 3ಕ್ಕೆ. ಆದ್ದರಿಂದ ಚಾಂಗಿಯಿಂದ ನೇರವಾಗಿ ಊರು ನೋಡಲು ಹೊರಟೆವು. ಬಾಚಿದ ತಲೆ ಇಲ್ಲ, ಬದಲಾಯಿಸಿದ ಬಟ್ಟೆ ಇಲ್ಲ. ಹಲ್ಲುಜ್ಜಿದ್ದು ವಿಮಾನ ನಿಲ್ದಾಣದ ಬಾತ್‌ರೂಮಿನಲ್ಲಿ, ಬ್ರಷ್ ಕೈಚೀಲದಲ್ಲಿ ಇದ್ದವರು ಮಾತ್ರ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ಸಾಂಬಾರ್. ಇಡ್ಲಿ ಚೆನ್ನಾಗಿತ್ತು, ತಿನ್ನುವವರೇ ಇರಲಿಲ್ಲ. ನಮ್ಮ ಹೊಟ್ಟೆಗೆ ಅದು ಬೆಳಗಿನ ಜಾವ ಐದೂವರೆ. ನಮ್ಮೂರಲ್ಲಿ ಇನ್ನೂ ಹಾಲಿನವನು ಬಂದಿರುವುದಿಲ್ಲ.

ಒಂಬತ್ತೂವರೆಗೆ ಮರ್ಲಯನ್. ಅರ್ಧ ಸಿಂಹ ಅರ್ಧ ಮೀನಿನ ಪ್ರತಿಮೆ, 8.6 ಮೀಟರ್ ಎತ್ತರ, 1972ರದ್ದು. ಬಾಯಿಂದ ನೀರು ಉಗುಳುತ್ತದೆ. ಸಮಭಾಜಕ ವೃತ್ತಕ್ಕೆ ಒಂದೇ ಡಿಗ್ರಿ ದೂರದ ಊರು ಅದು. ನಮ್ಮ ಬಯಲುಸೀಮೆಯ ಒಣ ಬಿಸಿಲಿಗೆ ಹೊಂದಿಕೊಂಡ ಮಕ್ಕಳಿಗೆ ಅಲ್ಲಿನ ಅಂಟು ಬೆವರು ಹೊಸದು. ಗ್ರೂಪ್ ಫೋಟೋ ತೆಗೆಯುವಾಗ ಒಬ್ಬಳು ನನ್ನ ದುಪ್ಪಟ್ಟಾ ಹಿಡಿದು ಎಳೆದಳು. "ಮಿಸ್, ಒಂದ್ನಿಮಿಷ ಈ ಕಡೆ ಬರ್ತೀರಾ?" ಮುಟ್ಟು. ಪ್ಯಾಡ್ ಇದ್ದದ್ದು ದೊಡ್ಡ ಸೂಟ್‌ಕೇಸಿನಲ್ಲಿ. ಸೂಟ್‌ಕೇಸ್ ಇದ್ದದ್ದು ಬಸ್ಸಿನ ಹೊಟ್ಟೆಯಲ್ಲಿ. ಬಸ್ಸು ಅಲ್ಲಿ ನಿಲ್ಲುವಂತಿಲ್ಲ, ನಮ್ಮನ್ನು ಇಳಿಸಿ ಎಲ್ಲೋ ಹೋಗಿತ್ತು. ಅಂಗಡಿ ಹುಡುಕಿ ಕೊಂಡೆ, ಶೌಚಾಲಯ ಹುಡುಕಿದೆ, ನನ್ನ ದುಪ್ಪಟ್ಟಾ ಅವಳ ಸೊಂಟಕ್ಕೆ ಕಟ್ಟಿಸಿದೆ. ಅದಕ್ಕೆ ಯಾರೂ ಹೊಣೆಯಲ್ಲ, ಸರಿ. ಆದರೆ ಬೇಕಾದ ಒಂದು ಸ್ನಾನಕ್ಕೆ, ಒಂದು ಹಾಸಿಗೆಗೆ ಆ ಹುಡುಗಿ ಇನ್ನೂ ಆರು ಗಂಟೆ ಕಾದಳು. ಸಿಂಗಾಪುರದ ಮೊದಲ ನೆನಪು ಅಂದರೆ ಅವಳಿಗೆ ಅದೇ. ಪ್ರವಾಸದ ಪಟ್ಟಿ ಮಾಡುವ ಸಭೆಯಲ್ಲಿ ಒಬ್ಬ ಹೆಂಗಸಾದರೂ ಕೂತಿದ್ದರೆ ಈ ವಿಷಯ ಬರುತ್ತಿತ್ತು ಅಂತ ನನ್ನ ಅನಿಸಿಕೆ.

ಆಮೇಲೆ ಗಾರ್ಡನ್ಸ್ ಬೈ ದ ಬೇ. 2012ರಲ್ಲಿ ತೆರೆದ ಈ ತೋಟ ನಿಜಕ್ಕೂ ನೋಡಬೇಕಾದದ್ದು, ಅದರಲ್ಲೂ ಜೀವಶಾಸ್ತ್ರ ಓದುವ ಮಕ್ಕಳು. 25ರಿಂದ 50 ಮೀಟರ್ ಎತ್ತರದ ಉಕ್ಕಿನ ಸೂಪರ್‌ಟ್ರೀಗಳು, ಅವುಗಳ ಮೈತುಂಬ ಹಬ್ಬಿದ ನಿಜವಾದ ಗಿಡಗಳು. ಕ್ಲೌಡ್ ಫಾರೆಸ್ಟ್ ಅಂತ ಒಂದು ಗಾಜಿನ ಮನೆ ಇದೆ. ಒಳಗೆ 35 ಮೀಟರ್ ಎತ್ತರದಿಂದ ಬೀಳುವ ಜಲಪಾತ, ಮಂಜು, ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಆರ್ಕಿಡ್, ಜರಿಗಿಡ, ಕೀಟ ಹಿಡಿಯುವ ಹೂಜಿಗಿಡ. ಎರಡು ವಾರ ಇದರ ಬಗ್ಗೆ ಪಾಠ ಮಾಡಿ ಕರೆದುಕೊಂಡು ಹೋಗಿದ್ದೆ. ಮಕ್ಕಳು ಏನು ಮಾಡಿದರು ಗೊತ್ತಾ? ಒಳಗಿನ ತಂಪಿಗೆ ಸಿಕ್ಕ ಸಿಕ್ಕ ಬೆಂಚಿನ ಮೇಲೆ ಕೂತು ತೂಕಡಿಸಿದರು. ಅವರನ್ನು ಬೈಯಲಿಕ್ಕೆ ಬಾಯಿ ಬರಲಿಲ್ಲ. ನನ್ನ ಕಣ್ಣೇ ಎಳೆಯುತ್ತಿತ್ತು.

ಹೊರಗೆ ಬಂದು ಎಣಿಸಿದರೆ ಒಬ್ಬ ಕಡಿಮೆ. ಮತ್ತೆ ಎಣಿಸಿದೆವು. ಆಗಲೂ ಒಬ್ಬ ಕಡಿಮೆ. ಜೊತೆಗಿದ್ದ ದೈಹಿಕ ಶಿಕ್ಷಕರು ಒಳಕ್ಕೆ ಓಡಿದರು. ಒಳಗೆ ಸಾವಿರ ಜನ, ಏಳು ಮಹಡಿಯಷ್ಟು ಎತ್ತರದ ಸುತ್ತು ದಾರಿ. ನಾನು ಹೊರಗೆ ಉಳಿದವರ ಕೈ ಕೈ ಹಿಡಿಸಿ ನಿಲ್ಲಿಸಿಕೊಂಡು, ಪಾಸ್‌ಪೋರ್ಟ್‌ಗಳ ಚೀಲ ಎದೆಗವಚಿಕೊಂಡು ನಿಂತಿದ್ದೆ. ಹುಡುಗ ಸಿಕ್ಕಿದ. ಗಿಡಗಳ ಮರೆಯ ಒಂದು ಮೂಲೆಯಲ್ಲಿ, ಬ್ಯಾಗನ್ನೇ ದಿಂಬು ಮಾಡಿಕೊಂಡು, ಬಾಯಿ ಬಿಟ್ಟು ನಿದ್ದೆ ಹೊಡೆಯುತ್ತಿದ್ದ. ಎಬ್ಬಿಸಿದಾಗ "ಸರ್, ದಾವಣಗೆರೆ ಬಂತಾ?" ಅಂದನಂತೆ. ಮಕ್ಕಳು ಈಗಲೂ ಅವನಿಗೆ ಅದೇ ಹೇಳಿ ರೇಗಿಸುತ್ತಾರೆ. ನಾವೂ ನಗುತ್ತೇವೆ. ಆವತ್ತು ಮಾತ್ರ ನಗು ಬಂದಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದಾದ ಮೇಲೆ ಪೋಷಕರ ಸಭೆಗಳಲ್ಲಿ ನೀರಿನ ಬಗ್ಗೆ ಪ್ರಶ್ನೆ ಬರುತ್ತದೆ. ಬರಲೇಬೇಕು. ಬೀಚ್ ಇದೆಯಾ, ಲೈಫ್ ಜಾಕೆಟ್ ಇದೆಯಾ, ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಆದರೆ ಆ ಶಿಕ್ಷಕರು ನಿದ್ದೆ ಮಾಡಿ ಎಷ್ಟು ಗಂಟೆ ಆಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಮರ್ಲಯನ್ ಇರುವುದೂ ನೀರಿನ ಅಂಚಿನಲ್ಲೇ. ಹತ್ತು ಮಕ್ಕಳಿಗೆ ಒಬ್ಬರು ಎಂದು ಕಾಗದದಲ್ಲಿ ಬರೆದು ಕಳಿಸಿದ ಆ ಒಬ್ಬರು ನಿಂತಲ್ಲೇ ತೂಗುತ್ತಿದ್ದರೆ ಆ ಲೆಕ್ಕಕ್ಕೆ ಏನು ಬೆಲೆ?

ಮೂರೂವರೆಗೆ ರೂಮ್ ಸಿಕ್ಕಿತು ಅಂದೆನಲ್ಲ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಆರಕ್ಕೆ ಎಲ್ಲರೂ ಲಾಬಿಗೆ ಬರಬೇಕು, ನೈಟ್ ಸಫಾರಿ ಇದೆ ಅಂದರು. ಮಂಡಾಯ್‌ನಲ್ಲಿರುವ ಈ ನೈಟ್ ಸಫಾರಿ 1994ರಲ್ಲಿ ಶುರುವಾಯಿತು. ರಾತ್ರಿ ಓಡಾಡುವ ಪ್ರಾಣಿಗಳಿಗೆಂದೇ ಮಾಡಿದ ಜಗತ್ತಿನ ಮೊದಲ ಮೃಗಾಲಯ. ಸಂಜೆ 7 ದಾಟಿದ ಮೇಲೆಯೇ ತೆರೆಯುತ್ತದೆ. ಇಡೀ ಪ್ರವಾಸದಲ್ಲಿ ಮಕ್ಕಳು ಬಾಯಿಬಾಯಿ ಬಿಟ್ಟು ಕಾದಿದ್ದದ್ದು ಅದಕ್ಕೇ. ಕ್ಲಾಸಿನಲ್ಲಿ ಪಟ್ಟಿ ಮಾಡಿಕೊಂಡಿದ್ದರು: ಮಲಯದ ಟಾಪಿರ್ ನೋಡಬೇಕು, ಏಷ್ಯಾದ ಸಿಂಹ ನೋಡಬೇಕು, ನಮ್ಮ ದರೋಜಿಯಲ್ಲಿರುವಂಥ ಕರಡಿ ಅಲ್ಲಿ ಹೇಗಿದೆ ನೋಡಬೇಕು. ಟ್ರಾಮ್ ಹತ್ತಿದೆವು. ಮಂದ ಬೆಳಕು, ತಂಪು ಗಾಳಿ, ಮೆಲ್ಲಗೆ ಸಾಗುವ ಬಂಡಿ, ಹೊಟ್ಟೆ ತುಂಬ ಊಟ. ಮಲಗಿಸಲಿಕ್ಕೆ ಇದಕ್ಕಿಂತ ಒಳ್ಳೆ ಏರ್ಪಾಡು ಬೇರೆ ಬೇಕಾ? ಐದು ನಿಮಿಷದಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿದರು. ಕಪ್ಪು ಬಿಳುಪು ಟಾಪಿರ್ ಟ್ರಾಮಿನಿಂದ ಕೈಚಾಚುವ ದೂರದಲ್ಲಿ ಸೊಪ್ಪು ಮೇಯುತ್ತಿತ್ತು. ನಾನು ಪಕ್ಕದವಳನ್ನು ಅಲುಗಾಡಿಸಿದೆ. ಕಣ್ಣು ಬಿಟ್ಟಳು, "ಹೂಂ ಮಿಸ್" ಅಂದಳು, ಮತ್ತೆ ಮಲಗಿದಳು. ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅದೇ ಹುಡುಗಿ, "ಮಿಸ್, ಟಾಪಿರ್ ಬಂದಿತ್ತಾ?" ಅಂತ ಕೇಳಿದಳು.

ಆ ಟಿಕೆಟ್ಟಿಗೆ ಅವಳ ಅಪ್ಪ ದುಡ್ಡು ಕಟ್ಟಿದ್ದಾರೆ. ಎಪಿಎಂಸಿಯಲ್ಲಿ ಸಣ್ಣ ವ್ಯಾಪಾರ ಅವರದು, ಚೀಟಿ ಎತ್ತಿ ಕೊಟ್ಟ ಹಣ. ನನಗೆ ಸಂಕಟ ಆದದ್ದು ಅಲ್ಲಿ.

ಹೀಗೇಕೆ ಆಗುತ್ತದೆ ಎಂದು ಏಜೆನ್ಸಿಯವರನ್ನು ಕೇಳಿದೆ. ಅವರೇನು ಕೆಟ್ಟವರಲ್ಲ. "ಮೇಡಂ, ಮಕ್ಕಳಿಗೆ ಎನರ್ಜಿ ಜಾಸ್ತಿ, ನೋಡ್ತಾ ನೋಡ್ತಾ ಸರಿಹೋಗ್ತಾರೆ" ಅಂದರು ಮೊದಲು. ಆಮೇಲೆ ಬಿಡಿಸಿ ಹೇಳಿದರು. ಬೆಳಿಗ್ಗೆಯೇ ರೂಮ್ ಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಬೇಕು, ಒಂದು ರಾತ್ರಿಯ ಬಾಡಿಗೆ ಜಾಸ್ತಿ. ರಾತ್ರಿ ವಿಮಾನ ಹಿಡಿದರೆ ಒಂದು ಹಗಲು ಉಳಿಯುತ್ತದೆ, ಪಟ್ಟಿಯಲ್ಲಿ ಮೂರು ಜಾಗ ಜಾಸ್ತಿ ಹಾಕಬಹುದು. ವಿಮಾನದಲ್ಲಿ ಕಳೆದ ರಾತ್ರಿಯೂ ಒಂದು "ನೈಟ್" ಆಗಿ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಅವರು ಹೇಳಿದ ಮಾತು ನಿಮಗೆ ತಲುಪಬೇಕು: "ಶಾಲೆಯವರು ಮೂರು ಏಜೆನ್ಸಿ ಪಟ್ಟಿ ಇಟ್ಕೊಂಡು ಎಷ್ಟು ಜಾಗ, ಎಷ್ಟು ರೇಟು ಅಂತ ನೋಡ್ತಾರೆ ಮೇಡಂ. ಮಲಗೋಕೆ ಅರ್ಧ ದಿನ ಅಂತ ಹಾಕಿದ್ರೆ ನಮಗೆ ಟೂರೇ ಸಿಗಲ್ಲ."

ಅಂದರೆ ಕೀಲಿ ಇರುವುದು ನಿಮ್ಮ ಕೈಯಲ್ಲಿ.

ನಾನು ಕೇಳುವುದು ದೊಡ್ಡದೇನಲ್ಲ. ಏಜೆನ್ಸಿಯ ಪಟ್ಟಿಯನ್ನು ಹಾಗೇ ಜೆರಾಕ್ಸ್ ಮಾಡಿ ಹಂಚಬೇಡಿ. ಮೊದಲ ದಿನ ನಿಮ್ಮ ಶಾಲೆಯ ಗೇಟಿನಿಂದ ಶುರುವಾಗಲಿ. ಬಸ್ಸು ಎಷ್ಟು ಹೊತ್ತಿಗೆ, ವಿಮಾನ ಎಷ್ಟು ಹೊತ್ತಿಗೆ, ಇಳಿಯುವುದು ಅಲ್ಲಿನ ಗಡಿಯಾರದಲ್ಲಿ ಎಷ್ಟು, ನಮ್ಮದರಲ್ಲಿ ಎಷ್ಟು, ರೂಮ್ ಸಿಗುವುದು ಯಾವಾಗ, ನಡುವೆ ಮಲಗಲು ಎಷ್ಟು ಗಂಟೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದರೆ ಸಾಕು, ಮುಂದಿನದ್ದು ತಾನಾಗಿ ಸರಿಹೋಗುತ್ತದೆ. 26 ಎಂಬ ಸಂಖ್ಯೆ ಕಣ್ಣಿಗೆ ಬಿದ್ದ ಮೇಲೆ ಯಾವ ಮುಖ್ಯೋಪಾಧ್ಯಾಯರೂ ಅದರ ಕೆಳಗೆ ನೈಟ್ ಸಫಾರಿ ಅಂತ ಬರೆಯುವುದಿಲ್ಲ.

ದಾರಿಗಳು ಇವೆ. ಹಗಲು ಹೊರಟು ಸಂಜೆ ಇಳಿಯುವ ವಿಮಾನ ಇದೆಯಾ ಕೇಳಿ. ಇದ್ದರೆ ಹಿಂದಿನ ರಾತ್ರಿ ದೇವನಹಳ್ಳಿ ಹತ್ತಿರ ಎಲ್ಲಾದರೂ ಮಲಗಿಸಿ, ಕಲ್ಯಾಣ ಮಂಟಪ ಆದರೂ ನಡೆಯುತ್ತದೆ, ನಮ್ಮ ಮಕ್ಕಳಿಗೆ ಚಾಪೆ ಹೊಸದಲ್ಲ. ರಾತ್ರಿ ವಿಮಾನವೇ ಗತಿ ಅಂದರೆ ಆ ಒಂದು ರಾತ್ರಿಯ ಬಾಡಿಗೆ ಕೊಟ್ಟುಬಿಡಿ. ಒಂದು ರೂಮಿಗೆ ಮೂವರು ಮಕ್ಕಳು, ಮೂವರಿಗೂ ಹಂಚಿಹೋಗುತ್ತದೆ. ಅದಕ್ಕೂ ಆಗದಿದ್ದರೆ ನೋಡುವ ಜಾಗಗಳಲ್ಲಿ ಎರಡನ್ನು ತೆಗೆದು ಆ ದುಡ್ಡನ್ನು ರೂಮಿಗೆ ಹಾಕಿ. ಮೇಣದ ಗೊಂಬೆಗಳ ಮ್ಯೂಸಿಯಂ ನೋಡದಿದ್ದರೆ ಯಾವ ಮಗುವಿನ ಓದೂ ನಿಲ್ಲುವುದಿಲ್ಲ, ಇದು ನನ್ನ ಸ್ವಂತ ಅಭಿಪ್ರಾಯ, ಇಟ್ಟುಕೊಳ್ಳಿ ಬಿಡಿ. ಇಳಿದ ದಿನ ಸಂಜೆಗೆ ಟಿಕೆಟ್ ಇರುವ ಯಾವ ಕಾರ್ಯಕ್ರಮವೂ ಬೇಡ. ಹೋಟೆಲಿನ ಸುತ್ತ ಒಂದು ಸುತ್ತು ನಡೆದಾಡಿಸಿ, ಜೀಬ್ರಾ ಕ್ರಾಸಿಂಗಿನಲ್ಲಿ ಕಾರುಗಳು ತಾವಾಗಿ ನಿಲ್ಲುವುದನ್ನು ತೋರಿಸಿ, ಊಟ ಮಾಡಿಸಿ, ಮಲಗಿಸಿ. ನೈಟ್ ಸಫಾರಿ ಮೂರನೇ ದಿನಕ್ಕೂ ಅಲ್ಲೇ ಇರುತ್ತದೆ.

ಕೈಚೀಲದ ಬಗ್ಗೆ ಮನೆಗೆ ಒಂದು ಚೀಟಿ ಕಳಿಸಿ. ಸ್ವೆಟರ್, ಒಂದು ಜೊತೆ ಬಟ್ಟೆ, ಬ್ರಷ್, ಮಾತ್ರೆ, ಹೆಣ್ಣುಮಕ್ಕಳಿಗೆ ಪ್ಯಾಡ್. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಲಗೇಜಿಗೆ ಹಾಕುವಂತಿಲ್ಲ. ಉಪ್ಪಿನಕಾಯಿ ದೊಡ್ಡ ಲಗೇಜಿಗೆ. ಚೂಯಿಂಗ್ ಗಮ್ ಎಲ್ಲಿಗೂ ಬೇಡ, ಸಿಂಗಾಪುರದೊಳಗೆ ಅದನ್ನು ತರುವುದನ್ನು 1992ರಿಂದಲೇ ನಿಷೇಧಿಸಿದ್ದಾರೆ. ಅರೈವಲ್ ಕಾರ್ಡನ್ನು ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ಶುಲ್ಕ ಇಲ್ಲ. ಇದಕ್ಕೂ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ವಾಪಸ್ ಬರುವ ದಿನದ್ದು ಬೇರೆಯೇ ಭಯ. ಸಂಜೆ ಸಿಂಗಾಪುರ ಬಿಟ್ಟು ರಾತ್ರಿ 10ರ ಹೊತ್ತಿಗೆ ಬೆಂಗಳೂರಿಗೆ ಇಳಿದು, ಲಗೇಜ್ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ 11:30. ಕೂಡಲೇ ಬಸ್ಸು ಹತ್ತಿಸಿ ದಾವಣಗೆರೆಗೆ. ಮಕ್ಕಳೇನೋ ಮಲಗುತ್ತಾರೆ. ಡ್ರೈವರ್? ಸಂಜೆಯಿಂದ ಪಾರ್ಕಿಂಗಿನಲ್ಲಿ ಕಾದು ಕೂತವನು ಅವನು. ಹಿರಿಯೂರು–ಚಿತ್ರದುರ್ಗದ ನಡುವಿನ ಬೆಳಗಿನ ಜಾವದ ಅಪಘಾತಗಳ ಸುದ್ದಿ ನಾವೆಲ್ಲ ಓದಿದವರೇ. ಆ ರಾತ್ರಿ ನಾನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಅವನನ್ನು ಮಾತಾಡಿಸುತ್ತಾ ಬಂದೆ. ಅವನ ಹೆಂಡತಿ, ಮಕ್ಕಳು, ಹರಿಹರದ ಹತ್ತಿರದ ಅವನ ಗದ್ದೆ, ಎಲ್ಲ ಕೇಳಿಯಾಯಿತು. ಶಿಕ್ಷಕಿಯ ಕೆಲಸದ ಪಟ್ಟಿಯಲ್ಲಿ ಇದೂ ಇದೆಯಾ? ಬೆಂಗಳೂರಿನಲ್ಲಿ ಉಳಿದು ಬೆಳಕು ಹರಿದ ಮೇಲೆ ಹೊರಡುವ ಹಾಗೆ ಮಾಡಿ. ಇಲ್ಲವಾದರೆ ಇಬ್ಬರು ಡ್ರೈವರ್ ಕಳಿಸಿ.

ಇದನ್ನೆಲ್ಲ ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬ ಹಿರಿಯ ಮೇಷ್ಟ್ರು ನಕ್ಕರು. "ನಾವು ಲಾರಿಯಲ್ಲಿ ರಾತ್ರಿಯೆಲ್ಲ ಕೂತು ಧರ್ಮಸ್ಥಳಕ್ಕೆ ಹೋದವರಮ್ಮ, ಏನಾಯ್ತು ನಮಗೆ? ಮಕ್ಕಳು ಸ್ವಲ್ಪ ಕಷ್ಟ ಕಲೀಲಿ" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನುವುದಿಲ್ಲ. ನಮ್ಮ ಮಕ್ಕಳು ಗಟ್ಟಿ. ಅಷ್ಟೆಲ್ಲ ಆದರೂ ಒಬ್ಬರೂ ಮನೆಗೆ ಫೋನ್ ಮಾಡಿ ಅಳಲಿಲ್ಲ. ಆದರೆ ಸರ್, ಕಷ್ಟ ಕಲಿಸಬೇಕೆಂದರೆ ಅದಕ್ಕೆ ಸಿಂಗಾಪುರ ಯಾಕೆ? ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತಿಸಿದರೆ ಆಯಿತು, ಖರ್ಚೂ ಕಡಿಮೆ. ಅಷ್ಟು ದೂರ ಕರೆದೊಯ್ಯುವುದು ನೋಡಲಿಕ್ಕೆ. ನೋಡಬೇಕೆಂದರೆ ಕಣ್ಣು ತೆರೆದಿರಬೇಕು, ಅಲ್ವಾ?

ಇನ್ನು ಶಿಕ್ಷಣ ಇಲಾಖೆಯವರಿಗೆ ಒಂದು ಮಾತು. ಪ್ರವಾಸಕ್ಕೆ ಅನುಮತಿ ಕೇಳಿ ಬರುವ ಅರ್ಜಿಗಳ ಜೊತೆ ಮಕ್ಕಳ ಪಟ್ಟಿ, ಪೋಷಕರ ಒಪ್ಪಿಗೆ ಪತ್ರ ಎಲ್ಲ ಇರುತ್ತದೆ. ಅದರ ಜೊತೆಗೆ ಈ ಗಂಟೆಗಳ ಹಾಳೆಯನ್ನೂ ಕೇಳಿ. ಹೊಸ ಸಮಿತಿ ಬೇಡ, ದೊಡ್ಡ ಸುತ್ತೋಲೆ ಬೇಡ. ಒಂದು ಹಾಳೆ. ವಿದೇಶಕ್ಕೆ ಹೋಗುವ ಶಾಲೆಗಳು ಕೆಲವೇ ಇರಬಹುದು. ಆದರೆ ಇದೇ ಹಾಳೆ ಕಲಬುರಗಿಯಿಂದ ಮೈಸೂರಿಗೆ, ಬೀದರ್‌ನಿಂದ ಮಂಗಳೂರಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗುವ ಮಕ್ಕಳಿಗೂ ಅಷ್ಟೇ ಬೇಕು. ಅವರ ಮೊದಲ ದಿನವೂ ಬಹಳ ಉದ್ದ.

ಕೊನೆಗೆ ಅಪ್ಪ ಅಮ್ಮಂದಿರಿಗೆ. ಈ ವರ್ಷದ ಪ್ರವಾಸದ ಸಭೆ ಸದ್ಯದಲ್ಲೇ ಇರುತ್ತದೆ. ಪ್ರೊಜೆಕ್ಟರ್‌ನಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ತೋರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ನಿಮ್ಮ ಮಗ ನಿಮ್ಮ ಮುಖ ನೋಡುತ್ತಾನೆ. ಆಗ ಎದ್ದು ನಿಂತು ಕೇಳಿ: ನನ್ನ ಮಗು ಶಾಲೆ ಬಿಟ್ಟ ಮೇಲೆ ಹಾಸಿಗೆಯ ಮೇಲೆ ಬೆನ್ನು ಹಾಕುವುದು ಎಷ್ಟು ಗಂಟೆ ಆದ ಮೇಲೆ? ಉತ್ತರವನ್ನು ಬರೆದು ಕೊಡಲು ಹೇಳಿ. ಬರೆದು ಕೊಟ್ಟ ಮೇಲೆ ಮೊದಲ ಕಂತು ಕಟ್ಟಿ.

ಇಂತಿ,
ದಾವಣಗೆರೆಯ ಒಬ್ಬ ವಿಜ್ಞಾನ ಶಿಕ್ಷಕಿ